ಔಷಧ ಕೊಡುವುದು ದಯೆಯೋ, ಕೊಡದಿರುವುದು ದಯೆಯೋ?



ಸೊಲ್ಲಾಪುರ, ಜತ್ತ ಸೀಮೆಯ ದಾಳಿಂಬೆ ತೋಟಗಳಿಗೆ ಹೂವಿನ ಕಾಲದಲ್ಲಿ ಜೇನುಪೆಟ್ಟಿಗೆ ತಂದಿಡುವುದುಂಟು. ಹಾಗೆ ಊರಿಂದೂರಿಗೆ ಸಾಗುವ ಪೆಟ್ಟಿಗೆಗಳಲ್ಲಿ ಇಟಲಿ ಜೇನೇ ಹೆಚ್ಚು. ಆ ಜೇನಿಗೆ ಅಂಟಿಕೊಂಡ ಒಂದು ಪೀಡೆಯಿದೆ. ಅದರ ಹೆಸರು ವರೋವಾ ನುಸಿ. ನುಸಿ ಹೆಚ್ಚಾದ ಪೆಟ್ಟಿಗೆಗೆ ಔಷಧ ಹಾಕಿದರೆ ಜೇನು ಈ ವರ್ಷ ಬದುಕುತ್ತದೆ; ಹಾಕದಿದ್ದರೆ ಬಹುಶಃ ಸಾಯುತ್ತದೆ. ಕೈಯಲ್ಲಿ ಔಷಧವಿದ್ದೂ ಕೊಡದೆ ಕುಳಿತವನನ್ನು ಏನೆಂದು ಕರೆಯಬೇಕು? ನಿರ್ದಯನೆನ್ನಲು ನಾಲಿಗೆ ತವಕಿಸುತ್ತದೆ. ಆದರೆ ಸ್ವಲ್ಪ ತಾಳಿ ವಿಚಾರ ಮಾಡೋಣ.

ಸಾಸಿವೆ ಕಾಳಿನಷ್ಟಿರುವ ಈ ಕೆಂಗಂದು ನುಸಿ ಮೂಲತಃ ನಮ್ಮ ಏಷ್ಯದ ತುಡುವೆ ಜೇನಿನ ಪೀಡೆ. ಎಷ್ಟೋ ಕಾಲದಿಂದ ಜೊತೆಗಿದ್ದುದರಿಂದ ತುಡುವೆ ಅದರೊಡನೆ ಬಾಳುವುದನ್ನು ಕಲಿತಿದೆ. ಮೈಮೇಲಿನ ನುಸಿಯನ್ನು ಕಚ್ಚಿ ಕೆಡವುತ್ತದೆ. ಗಂಡುಮರಿಗಳ ಕೋಶ ಬಿಟ್ಟು ಬೇರೆಡೆ ನುಸಿಯ ಸಂತತಿ ಬೆಳೆಯದಂತೆ ನೋಡಿಕೊಳ್ಳುತ್ತದೆ. ಯುರೋಪಿನ ಜೇನಿಗೆ ಈ ವಿದ್ಯೆ ತಿಳಿಯದು. ಮನುಷ್ಯನು ಜೇನುಪೆಟ್ಟಿಗೆಗಳನ್ನು ದೇಶದಿಂದ ದೇಶಕ್ಕೆ ಸಾಗಿಸಿದಾಗ ನುಸಿಯೂ ಸಾಗಿತು. ೧೯೮೭ರಲ್ಲಿ ಅಮೆರಿಕದಲ್ಲಿ, ೧೯೯೨ರಲ್ಲಿ ಇಂಗ್ಲೆಂಡಿನಲ್ಲಿ, ೨೦೨೨ರಲ್ಲಿ ಆಸ್ಟ್ರೇಲಿಯದಲ್ಲಿ ಅದು ಕಾಣಿಸಿಕೊಂಡಿತು. ಮುಚ್ಚಿದ ಮರಿಕೋಶದೊಳಗೆ ಕುಳಿತು ಮರಿಯ ಸತ್ವವನ್ನು ಹೀರುತ್ತದೆ. ರೆಕ್ಕೆ ಮುರುಟಿಸುವ ವೈರಸ್ಸನ್ನೂ ಹಬ್ಬಿಸುತ್ತದೆ.

ಇದಕ್ಕೆ ಮದ್ದುಗಳು ಬಂದವು. ಫ್ಲುವಾಲಿನೇಟ್ ಸವರಿದ ಪಟ್ಟಿಗಳನ್ನು ಗೂಡಿನಲ್ಲಿ ತೂಗಿಬಿಟ್ಟರು. ಮೊದಮೊದಲು ನುಸಿ ಸತ್ತಿತು. ಸಾಯದೆ ಉಳಿದವು ಮರಿಮಾಡಿದವು. ೧೯೯೦ರ ದಶಕದಲ್ಲಿಯೇ ಇಟಲಿ, ಅಮೆರಿಕಗಳಲ್ಲಿ ಆ ಮದ್ದಿಗೆ ಬಗ್ಗದ ನುಸಿ ಹುಟ್ಟಿತ್ತು. ಮದ್ದಿನ ಅಂಶ ಮೇಣದಲ್ಲಿ ಉಳಿಯಿತು. ಇದಕ್ಕಿಂತ ದೊಡ್ಡ ಹಾನಿ ಇನ್ನೊಂದು: ತಾನಾಗಿ ಬದುಕಲಾರದ ಜೇನಿನ ವಂಶವನ್ನೂ ನಾವೇ ಬೆಳೆಸುತ್ತ ಹೋದೆವು. ನಾವು ಬಲಪಡಿಸಿದ್ದು ನುಸಿಯನ್ನು, ದುರ್ಬಲಗೊಳಿಸಿದ್ದು ಜೇನನ್ನು. ಇಂದಿನ ದಯೆ ನಾಳೆಯ ಸಂತತಿಗೆ ಸಾಲವಾಯಿತು.

ಇದನ್ನು ಕಂಡು ಕೆಲವರು ಕಠಿಣ ದಾರಿ ಹಿಡಿದರು. ಸ್ವೀಡನ್ ದೇಶದ ಗಾಟ್ಲೆಂಡ್ ದ್ವೀಪದಲ್ಲಿ ೧೯೯೯ರಲ್ಲಿ ೧೫೦ ಜೇನುಕುಟುಂಬಗಳನ್ನು ಯಾವ ಔಷಧವನ್ನೂ ಕೊಡದೆ ಬಿಟ್ಟು ವಿಜ್ಞಾನಿಗಳು ಪರೀಕ್ಷಿಸಿದರು. ಮೊದಲ ಮೂರು ವರ್ಷಗಳಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಕುಟುಂಬಗಳು ಅಳಿದವು. ಉಳಿದ ಕೆಲವೇ ಕೆಲವು ನುಸಿಯ ಸಂತಾನವನ್ನು ತಗ್ಗಿಸುವ ಗುಣ ಪಡೆದು ಮದ್ದಿಲ್ಲದೆ ಬಾಳಿದವು. ಆದರೆ ಆ ಕುಟುಂಬಗಳು ಗಾತ್ರದಲ್ಲಿ ಚಿಕ್ಕವು.

ಗುರಿ ಒಳ್ಳೆಯದೇ. ಆದರೂ ಮನಸ್ಸು ಒಪ್ಪದಿರಲು ಎರಡು ಕಾರಣಗಳಿವೆ. ಮೊದಲನೆಯದು, ಪೆಟ್ಟಿಗೆಯಲ್ಲಿಟ್ಟು ಸಾಕಿದ ಜೀವ ಕಾಡಿನ ಜೀವವಲ್ಲ. ಅದರ ತುಪ್ಪವನ್ನು ನಾವು ತೆಗೆದುಕೊಂಡಿದ್ದೇವೆ. ಅದು ನಮ್ಮ ಹೊಣೆ. ಎರಡನೆಯದು, ಸಾಯುವ ಗೂಡು ಒಂಟಿಯಾಗಿ ಸಾಯುವುದಿಲ್ಲ. ಬಲಗುಂದಿದ ಗೂಡಿನ ತುಪ್ಪವನ್ನು ಸುತ್ತಲಿನ ಜೇನು ದೋಚಲು ಬರುತ್ತದೆ, ನುಸಿಯನ್ನೂ ಹೊತ್ತೊಯ್ಯುತ್ತದೆ. ನನ್ನ ಸಿದ್ಧಾಂತದ ದಂಡವನ್ನು ನೆರೆಯವನು ತೆರುವುದು ನ್ಯಾಯವೆ? ನೂರಾರು ಪೆಟ್ಟಿಗೆಯವನು ಎಂಬತ್ತು ಕಳೆದುಕೊಂಡೂ ಬದುಕಿಯಾನು; ನಾಲ್ಕು ಪೆಟ್ಟಿಗೆಯ ರೈತನ ಗತಿಯೇನು?

‘ನಮ್ಮ ತುಡುವೆಯೂ ಹಾಗೇ ಉಳಿಯಿತಲ್ಲ’ ಎಂದು ಕೆಲವರು ಕೇಳಬಹುದು. ನಿಜ. ೧೯೯೧ರಿಂದೀಚೆಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಕೇರಳ, ತಮಿಳುನಾಡು, ಕರ್ನಾಟಕಗಳ ತುಡುವೆ ಪೆಟ್ಟಿಗೆಗಳಲ್ಲಿ ಬಹುಪಾಲನ್ನು ಬರಿದುಮಾಡಿತು. ಉಳಿದವುಗಳಿಂದಲೇ ಮತ್ತೆ ಜೇನು ಬೆಳೆಯಿತು. ಆದರೆ ಆ ರೋಗಕ್ಕೆ ಮದ್ದೇ ಇರಲಿಲ್ಲ. ಮದ್ದಿಲ್ಲದಾಗ ಸಹಿಸುವುದು ಬೇರೆ, ಮದ್ದು ಕೈಯಲ್ಲಿದ್ದೂ ಕೈಕಟ್ಟಿ ಕೂಡುವುದು ಬೇರೆ.

ಹಾಗಾದರೆ ದಾರಿ ಯಾವುದು? ನಮ್ಮ ಒಕ್ಕಲುತನದಲ್ಲಿಯೇ ಉತ್ತರವಿದೆ. ಖಿಲ್ಲಾರಿ ದನ ಸಾಕುವವನು ಹುಟ್ಟಿದ ಹೋರಿಗರುಗಳನ್ನೆಲ್ಲ ಬೀಜದ ಹೋರಿಯಾಗಿ ಬಿಡುವುದಿಲ್ಲ. ಲಕ್ಷಣ ನೋಡಿ ಒಂದನ್ನು ಬಿಡುತ್ತಾನೆ. ಉಳಿದವು ಎತ್ತಾಗಿ ನೊಗ ಹೊರುತ್ತವೆ. ಬೀಜಕ್ಕೆ ಬಾರದ ಎತ್ತಿಗೆ ಮೇವು ತಪ್ಪಿಸಿದನೆ? ಇಲ್ಲ. ಬದುಕುವ ಹಕ್ಕು ಎಲ್ಲಕ್ಕೂ ಉಂಟು. ವಂಶ ಬೆಳೆಸಲು ಮಾತ್ರ ಆಯ್ಕೆ.

ಜೇನಿನಲ್ಲಿಯೂ ಇದು ಸಾಧ್ಯ. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಮಾರ್ಲಾ ಸ್ಪಿವಾಕ್ ಅವರೂ ಬ್ಯಾಟನ್ ರೂಜ್‌ನ ಸರಕಾರಿ ಜೇನು ಪ್ರಯೋಗಾಲಯದ ವಿಜ್ಞಾನಿಗಳೂ ೧೯೯೦ರ ದಶಕದಿಂದ ಇಂಥ ತಳಿಗಳನ್ನು ಆರಿಸಿ ಬೆಳೆಸಿದ್ದಾರೆ. ರೋಗ ಅಥವಾ ನುಸಿ ಹೊಕ್ಕ ಮರಿಕೋಶವನ್ನು ವಾಸನೆಯಿಂದಲೇ ತಿಳಿದು, ಮುಚ್ಚಳ ಕೊರೆದು, ಮರಿಯನ್ನು ಹೊರಹಾಕುವ ಗುಣವುಳ್ಳ ಜೇನುಗಳವು. ಸಾಕುವವನು ಮಾಡಬೇಕಾದುದು ಎಣಿಕೆ. ಸುಮಾರು ೩೦೦ ನೊಣಗಳನ್ನು ಜಾಲರಿ ಮುಚ್ಚಳದ ಭರಣಿಗೆ ಹಾಕಿ, ನುಣ್ಣನೆಯ ಸಕ್ಕರೆಪುಡಿ ಉದುರಿಸಿ ಅಲುಗಿಸಿದರೆ ನುಸಿ ಕೆಳಗೆ ಬೀಳುತ್ತದೆ, ನೊಣ ಸಾಯುವುದಿಲ್ಲ. ನುಸಿ ಕಡಿಮೆಯಿರುವ ಗೂಡಿನಿಂದ ರಾಣಿಗಳನ್ನು ಬೆಳೆಸಬೇಕು. ನುಸಿ ಮಿತಿಮೀರಿದ ಗೂಡಿಗೆ ಓಮದಲ್ಲಿರುವ ಥೈಮಾಲ್, ಫಾರ್ಮಿಕ್ ಆಮ್ಲದಂಥ ಮದ್ದನ್ನು ಅಳತೆಯರಿತು ಕೊಟ್ಟು ಉಳಿಸಿ, ಆಮೇಲೆ ಅದರ ರಾಣಿಯನ್ನು ಬದಲಿಸಬೇಕು. ಕೆಲಸಗಾರ ನೊಣದ ಆಯುಸ್ಸು ದುಡಿಮೆಯ ಕಾಲದಲ್ಲಿ ಆರೇಳು ವಾರ. ಎರಡು ಮೂರು ತಿಂಗಳಲ್ಲಿ ಗೂಡೆಲ್ಲ ಹೊಸ ರಾಣಿಯ ಮಕ್ಕಳೇ ಆಗಿರುತ್ತಾರೆ.

ಇಲ್ಲಿಯೂ ಕೈ ಪೂರ್ತಿ ಶುಭ್ರವಲ್ಲ. ಹಳೆಯ ರಾಣಿಯನ್ನು ಕೊಲ್ಲಬೇಕಾಗುತ್ತದೆ. ಅದನ್ನು ಮುಚ್ಚಿಡಬಾರದು. ಸಾವಿರಾರು ಜೀವ ಉಳಿಸಲು ಒಂದನ್ನು ತೆಗೆದೆನೆಂದು ಲೆಕ್ಕ ಹೇಳಿ ಹಗುರಾಗುವುದಕ್ಕಿಂತ, ತೆಗೆದೆನೆಂಬ ನೋವನ್ನು ನೆನಪಿಟ್ಟು ಅನಾವಶ್ಯಕವಾಗಿ ಕೈ ಎತ್ತದಿರುವುದು ಲೇಸು.

ಇನ್ನೊಂದು ಮಾತು. ಹೊಸ ರಾಣಿ ಗಗನದಲ್ಲಿ ಹತ್ತಾರು ಗಂಡುನೊಣಗಳೊಡನೆ ಕೂಡುತ್ತದೆ. ಅವು ಯಾರ ಪೆಟ್ಟಿಗೆಯವೋ ಬಲ್ಲವರಿಲ್ಲ. ಹೀಗಾಗಿ ಒಬ್ಬನೇ ಎಷ್ಟು ಆರಿಸಿದರೂ ನೆರೆಯವನು ಆರಿಸದಿದ್ದರೆ ತಳಿ ನಿಲ್ಲದು. ಹೊಲಕ್ಕೆ ಬದುವುಂಟು, ಜೇನಿಗೆ ಬದುವಿಲ್ಲ. ಪೆಟ್ಟಿಗೆ ಇಡುವ ನಾಲ್ಕು ಊರಿನವರು ಕೂಡಿ ಕುಳಿತು, ಎಣಿಸಿ, ಒಳ್ಳೆಯ ರಾಣಿಗಳನ್ನು ಹಂಚಿಕೊಂಡರೆ ಮದ್ದಿನ ಖರ್ಚೂ ಇಳಿದೀತು, ಜೇನೂ ತನ್ನ ಬಲದಿಂದ ನಿಂತೀತು.

ಮದ್ದನ್ನು ಕೊಟ್ಟೇ ಕೂಡುವುದು ಅರ್ಧ ದಯೆ, ಕೊಡದೆ ಕೂಡುವುದು ಅರ್ಧ ವಿವೇಕ. ಮದ್ದು ಬೇಡವಾಗುವ ದಿನಕ್ಕಾಗಿ ದುಡಿಯುತ್ತ, ಆ ದಿನ ಬರುವವರೆಗೆ ಯಾವ ಗೂಡನ್ನೂ ಕೈಬಿಡದಿರುವುದೇ ಸಾಕುವವನ ಧರ್ಮ.