ಇಂದಿನ ಧಮ್ಮ ಚಿಂತನೆ: ಇಲ್ಲದವನ ಸಂಯಮ



ಹೋದ ಭಾನುವಾರ ನಮ್ಮೂರ ಕಡೆಯವರ ಮದುವೆಗೆ ಚಿತ್ರದುರ್ಗಕ್ಕೆ ಹೋಗಿದ್ದೆ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಮಾಡುವ ಅಕ್ಕನ ಮಗ ಪೀಣ್ಯಕ್ಕೆ ಬಂದು ನನ್ನನ್ನು ಹತ್ತಿಸಿಕೊಂಡ. ಹೊಸ ಕಾರು, ಮಹೀಂದ್ರಾ ಬಿಇ 6. ನಮ್ಮ ಎರಡೂ ಮನೆಗಳಲ್ಲಿ ಇದೇ ಮೊದಲ ಕಾರು, ಅದೂ ಕರೆಂಟಿನದು.

ಬೆಸ್ಕಾಂ ಬಿಲ್ಲಿನ ಲೆಕ್ಕದಲ್ಲಿ ಹೇಳುವುದಾದರೆ ಅದರ ಬ್ಯಾಟರಿ 79 ಯೂನಿಟ್ ಹಿಡಿಸುತ್ತದೆ. ಪರೀಕ್ಷೆಯಲ್ಲಿ ಒಂದು ಚಾರ್ಜಿಗೆ ಓಡಿದ ದೂರ 682 ಕಿ.ಮೀ. ಶಕ್ತಿ 280 ಎಚ್‌ಪಿಗೂ ಮೇಲೆ. ನಿಂತಲ್ಲಿಂದ 100ರ ವೇಗ ಮುಟ್ಟಲು 6.7 ಸೆಕೆಂಡು. ನಾನು 30 ವರ್ಷ ದುಡಿದ ಶೆಡ್ಡಿನ ಲೇತುಗಳ ಮೋಟಾರು ತಲಾ 3 ಎಚ್‌ಪಿ. ಇಡೀ ಶೆಡ್ಡು ಕೂಡಿಸಿದರೂ ಈ ಹುಡುಗನ ಬಲಗಾಲಿನ ಕೆಳಗಿದ್ದ ಶಕ್ತಿಗೆ ಸಾಟಿಯಿಲ್ಲ.

ಹೋಗಿ ಬರುವವರೆಗೆ ಎಲ್ಲೂ ಚಾರ್ಜಿಗೆ ನಿಲ್ಲಬಾರದು ಎಂದು ಅವನೇ ಹೊರಡುವಾಗ ಹೇಳಿದ್ದ. ನೆಲಮಂಗಲ ದಾಟಿದ ಮೇಲೆ ಮರೆತ. ಪರದೆಯ ಮೇಲೆ ‘ಇನ್ನೆಷ್ಟು ದೂರ’ ಎಂದು ತೋರಿಸುವ ಅಂಕಿ, ನಾವು ಓಡಿದ್ದಕ್ಕಿಂತ ಬೇಗ ಇಳಿಯತೊಡಗಿತು. ಇದರಲ್ಲಿ ಯಾರ ಮೋಸವೂ ಇಲ್ಲ. 80ರಿಂದ 120ಕ್ಕೆ ಹೋದರೆ ವೇಗ ಹೆಚ್ಚುವುದು ಒಂದೂವರೆ ಪಟ್ಟು, ಎದುರುಗಾಳಿಯ ತಡೆ ಹೆಚ್ಚುವುದು ಎರಡೂಕಾಲು ಪಟ್ಟು. ಪೆಟ್ರೋಲ್ ಕಾರಿಗೂ ಇದೇ ನಿಯಮ, ಮುಂದೆ ಬಂಕ್ ಇದೆ ಎಂಬ ಧೈರ್ಯದಲ್ಲಿ ಯಾರೂ ಲೆಕ್ಕ ಇಡುವುದಿಲ್ಲ ಅಷ್ಟೆ.

ನನ್ನ ಬಾಯಿ ಸುಮ್ಮನಿರಲಿಲ್ಲ. ಸಮ್ಮಾ ವಾಯಾಮದ ಮಾತು ತೆಗೆದೆ. ಸೋಣನ ವೀಣೆಯ ಕಥೆ ಹೇಳಿದೆ: ತಂತಿ ಬಹಳ ಬಿಗಿದರೂ ನುಡಿಯದು, ಸಡಿಲ ಬಿಟ್ಟರೂ ನುಡಿಯದು.

ಅವನು ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದ: "ನಿಧಾನ ಹೋಗು, ಇದ್ದಷ್ಟರಲ್ಲಿ ಇರು ಅಂತ ಅಜ್ಜನಿಗೂ ಹೇಳಿದ್ರು, ಅಪ್ಪನಿಗೂ ಹೇಳಿದ್ರು. ಅವರು ಯಾಕೆ ಹೇಳ್ತಿದ್ರು ಅಂತ ನಿಮಗೇ ಗೊತ್ತು. ಈಗ ನೀವೂ ಶುರು ಮಾಡಿದ್ರಾ ಮಾವ?"

ತುಮಕೂರು ಬರುವವರೆಗೆ ನಾನು ಮಾತಾಡಲಿಲ್ಲ.

ಅವನು ಹೇಳಿದ್ದರಲ್ಲಿ ತಪ್ಪೇನಿದೆ? ಬಾಬಾಸಾಹೇಬರು ಬಡತನವನ್ನು ಎಂದೂ ಹೊಗಳಲಿಲ್ಲ. ಕಾಂಗ್ರೆಸ್ ಮತ್ತು ಗಾಂಧಿ ಅಸ್ಪೃಶ್ಯರಿಗೆ ಮಾಡಿದ್ದೇನು ಎಂದು 1945ರಲ್ಲಿ ಬರೆದ ಪುಸ್ತಕದಲ್ಲಿ ಅವರು ಯಂತ್ರದ ಪರ ನಿಂತರು. ಯಂತ್ರ ಬಂದರೆ ತಾನೇ ದುಡಿಯುವವನಿಗೆ ಬಿಡುವು, ಬಿಡುವಿದ್ದರೆ ತಾನೇ ಓದು, ಸಂಸ್ಕೃತಿ? ತಪ್ಪು ಯಂತ್ರದ್ದಲ್ಲ, ಅದರ ಲಾಭ ಕೆಲವರ ಪಾಲಾಗುವಂತೆ ಮಾಡಿದ ಸಮಾಜದ್ದು ಎಂಬುದು ಅವರ ವಾದ.

ನನಗೆ ರೇವಾ ಕಾರು ನೆನಪಾಯಿತು. 2001ರಲ್ಲಿ ಬೊಮ್ಮಸಂದ್ರದಿಂದ ಬಂದ ಪುಟ್ಟ ಕರೆಂಟ್ ಕಾರು, ಮುಂದೆ 2010ರಲ್ಲಿ ಆ ಕಂಪನಿ ಮಹೀಂದ್ರಾ ಕೈಸೇರಿತು. ಸೀಸದ ಬ್ಯಾಟರಿ, ಒಂದು ಚಾರ್ಜಿಗೆ 80 ಕಿ.ಮೀ. ಅದು ನಿಧಾನವಾಗಿ ಹೋಗುತ್ತಿತ್ತು, ಆದರೆ ಅದನ್ನು ಸಂಯಮ ಎನ್ನಲಾದೀತೇ? ಅದರಲ್ಲಿ ಇದ್ದದ್ದೇ ಅಷ್ಟು. ನನ್ನ ಬದುಕೂ ಹಾಗೇ. ಪೀಣ್ಯದಲ್ಲಿ ಎರಡು ಶಿಫ್ಟ್, ತಿಂಗಳ ಕೊನೆಗೆ ಬಸ್ ಚಾರ್ಜಿಗೂ ಲೆಕ್ಕ. ಜನ ನನ್ನನ್ನು ‘ಆಸೆಯಿಲ್ಲದ ಮನುಷ್ಯ’ ಎಂದರು. ನಾನೂ ನಂಬಿದೆ. ಒತ್ತಲು ಪೆಡಲೇ ಇಲ್ಲದವನು ನಾನು ಒತ್ತಲಿಲ್ಲ ಎಂದು ಹೆಮ್ಮೆಪಟ್ಟಂತೆ.

ಸೋಣನ ಕಥೆಯಲ್ಲಿ ನಾನು ಹೇಳದೆ ಬಿಟ್ಟ ಒಂದು ಮಾತಿದೆ. ಅವನು ಶ್ರೀಮಂತರ ಮಗ. ಹೂವಿನಂಥ ಪಾದ ಒಡೆದು ರಕ್ತ ಬರುವಷ್ಟು ಚಂಕ್ರಮಣ ಮಾಡುತ್ತಿದ್ದ. ಬುದ್ಧರು ತಂತಿಯ ಮಾತು ಹೇಳಿದ್ದು ಅಂಥವನಿಗೆ. ಬಿಗಿಯುವ ಶಕ್ತಿ ಇದ್ದವನಿಗೆ ಹೇಳುವ ಧಮ್ಮವನ್ನು, ತಂತಿಯೇ ಇಲ್ಲದವನ ಮುಂದೆ ಇಟ್ಟು ಸುಮ್ಮನಿರಿಸಿದರೆ ಅದು ಧಮ್ಮವಲ್ಲ, ಹಳೆಯ ಕಟ್ಟಳೆಯೇ. ಆದರೆ ನನ್ನ ಅಳಿಯನಿಗೆ ಈಗ ಶಕ್ತಿ ಇದೆ. ನಮ್ಮ ವಂಶದಲ್ಲಿ ಸಂಯಮದ ಪ್ರಶ್ನೆ ನಿಜವಾಗಿ ಎದುರಾಗಿರುವುದು ಇವನಿಗೇ ಮೊದಲು. ಉತ್ತರವನ್ನು ನಾನು ಕೊಡುವಂತಿಲ್ಲ. ಆ ಕಾರನ್ನು ನಾನು ಓಡಿಸಿಯೇ ಇಲ್ಲ.

ಶಿರಾ ದಾಟಿದ ಮೇಲೆ ರಸ್ತೆ ನಡುವಿನ ತೆರವಿನಲ್ಲಿ ಮೂರು ಹೆಂಗಸರು ನಿಂತಿದ್ದರು, ತಲೆಯ ಮೇಲೆ ಹುಲ್ಲಿನ ಹೊರೆ. ಲಾರಿಗಳು ಅವರನ್ನು ದಾಟಲು ಬಿಟ್ಟಿರಲಿಲ್ಲ. ಅಳಿಯ ದೂರದಿಂದಲೇ ಕಾಲು ತೆಗೆದ. ಈ ಕಾರುಗಳಲ್ಲಿ ಕಾಲು ತೆಗೆದರೆ ಮೋಟಾರೇ ಜನರೇಟರ್ ಆಗಿ ಸ್ವಲ್ಪ ಕರೆಂಟನ್ನು ಬ್ಯಾಟರಿಗೆ ಹಿಂದಿರುಗಿಸುತ್ತದೆ. ಹಿಂದೆ ಬರುವವರಿಗೆ ಲೈಟ್ ಮಿನುಗಿಸಿ ನಿಲ್ಲಿಸಿದ. ಹಾರ್ನ್ ಹೊಡೆಯಲಿಲ್ಲ. ಅವರು ದಾಟಿದರು. ಪರದೆಯ ಅಂಕಿಯನ್ನು ಅವನು ನೋಡಲೂ ಇಲ್ಲ.

"ಅಮ್ಮನೂ ಹಿಂಗೇ ಹುಲ್ಲು ಹೊರ್ತಿದ್ಲಲ್ವಾ ಮಾವ?"

"ಹೂಂ. ಇದೇ ರಸ್ತೇಲಿ. ಆಗ ಇಷ್ಟು ಅಗಲ ಇರಲಿಲ್ಲ," ಅಂದೆ.

ಜೈ ಭೀಮ್.