ದಿಕ್ಕಿಲ್ಲದವರಿಗೆ ಹಾಲುತುಪ್ಪ

ಗುಡಿಬಂಡೆ, ಮಡಕಶಿರಾ ಸೀಮೆಯಲ್ಲಿ ಹೆಣವನ್ನು ಮಣ್ಣು ಮಾಡಿದ ಮೇಲೆ ಗುಂಡಿಯ ಮೇಲೆ ಹಾಲುತುಪ್ಪ ಬಿಡುತ್ತಾರೆ. ಬಿಡುವವರು ಮಗನೋ ಮೊಮ್ಮಗನೋ ದಾಯಾದಿಯೋ ಆಗಿರಬೇಕೆಂಬುದು ರೂಢಿ. ಹಾಗಾದರೆ ಸತ್ತವನಿಗೆ ಯಾರೂ ಇಲ್ಲದಿದ್ದರೆ? ಅವನ ಹೆಸರು, ಊರು, ಅವನು ಕೈಮುಗಿಯುತ್ತಿದ್ದ ದೇವರು ಒಂದೂ ತಿಳಿಯದಿದ್ದರೆ? ಗುರುತಿಲ್ಲದ ಬೇರೊಬ್ಬರು ಮಾಡಿದ ಸಂಸ್ಕಾರ ಅವನಿಗೆ ಸಲ್ಲುತ್ತದೆಯೇ? ಸಲ್ಲುತ್ತದೆ ಎಂಬುದು ನನ್ನ ವಾದ. ಸಂಸ್ಕಾರಕ್ಕೆ ಬಲ ಬರುವುದು ಸತ್ತವನ ಮತದಿಂದಲ್ಲ, ಹೆಸರಿನಿಂದಲೂ ಅಲ್ಲ. ಇವನು ನಮ್ಮವನು ಎಂದು ಒಬ್ಬರು ಮುಂದೆ ಬಂದು ನಿಲ್ಲುವುದರಿಂದ.

ಈ ಪ್ರಶ್ನೆ ಇಡೀ ಒಂದು ಕಣಿವೆಯ ಗಾತ್ರದಲ್ಲಿ ಎದ್ದು ನಿಂತದ್ದು ದಕ್ಷಿಣ ಅಟ್ಲಾಂಟಿಕ್ಕಿನ ಸೇಂಟ್ ಹೆಲೆನಾ ದ್ವೀಪದಲ್ಲಿ. 1840ರಿಂದ ಸುಮಾರು ಮೂರು ದಶಕಗಳ ಕಾಲ ಬ್ರಿಟಿಷ್ ನೌಕಾಪಡೆ ಗುಲಾಮರ ಹಡಗುಗಳನ್ನು ಹಿಡಿದು, ಅವುಗಳೊಳಗಿದ್ದ 25,000ಕ್ಕೂ ಹೆಚ್ಚು ಆಫ್ರಿಕನ್ನರನ್ನು ಅಲ್ಲಿ ಇಳಿಸಿತು. ಕಾನೂನಿನ ಲೆಕ್ಕದಲ್ಲಿ ಅವರಿಗೆ ಬಿಡುಗಡೆಯಾಗಿತ್ತು. ಹಡಗಿನ ಹೊಟ್ಟೆಯಲ್ಲೇ ಅಂಟಿದ ಸಿಡುಬು, ಭೇದಿ ಮಾತ್ರ ಬಿಡಲಿಲ್ಲ. ಸುಮಾರು 8,000 ಮಂದಿ ರೂಪರ್ಟ್ ಕಣಿವೆಯ ಒಣನೆಲದಲ್ಲಿ ಮಣ್ಣಾದರು. 2007-08ರಲ್ಲಿ ವಿಮಾನ ನಿಲ್ದಾಣದ ರಸ್ತೆಗಾಗಿ ಅಗೆದಾಗ 325 ಮಂದಿಯ ಅಸ್ಥಿಗಳು ಸಿಕ್ಕವು. ಬಹುಪಾಲು ಮಕ್ಕಳು, ಹದಿಹರೆಯದವರು, ಎಳೆಪ್ರಾಯದವರು. ಕೆಲವರ ಮುಂದಿನ ಹಲ್ಲುಗಳನ್ನು ಅವರವರ ನಾಡಿನ ವಾಡಿಕೆಯಂತೆ ಚೂಪು ಮಾಡಲಾಗಿತ್ತು. ಕೆಲವರ ಮೈಮೇಲೆ ಗಾಜಿನ ಮಣಿಸರ ಉಳಿದಿತ್ತು. ಎಲ್ಲವನ್ನೂ ಕಿತ್ತುಕೊಂಡವರ ಕೈಯಿಂದ ಅಷ್ಟು ಮಣಿ ಹೇಗೆ ತಪ್ಪಿತೋ! ಆ ಅಸ್ಥಿಗಳು ವರ್ಷಗಟ್ಟಲೆ ಪೆಟ್ಟಿಗೆಗಳಲ್ಲಿ ಕಾದು, 2022ರಲ್ಲಿ ಮತ್ತೆ ಮಣ್ಣು ಸೇರಿದವು. ಅದೇ ದ್ವೀಪದಲ್ಲಿ ನೆಪೋಲಿಯನ್ನನ ಗೋರಿಯೂ ಇದೆ. ಬಿಡುಗಡೆಯಾದವರ ಶಿಬಿರ ಶುರುವಾದ 1840ರಲ್ಲೇ ಅವನ ಶವವನ್ನು ತೆಗೆದು ಫ್ರಾನ್ಸಿಗೆ ಸಾಗಿಸಿದರು. ಖಾಲಿ ಗೋರಿಗೆ ಬೇಲಿ ಉಂಟು, ಹೂದೋಟ ಉಂಟು, ನೋಡಿಕೊಳ್ಳಲು ಒಂದು ಸರ್ಕಾರವೇ ಉಂಟು.

ಆಫ್ರಿಕದಿಂದ ಬಂದವರ ಇಂಥದೇ ಚಿತ್ರ ನಮ್ಮ ಮಗ್ಗುಲಲ್ಲೂ ಕಾಣುತ್ತದೆ. ಮಡಕಶಿರಾದ ನೆರೆಯ ಶಿರಾದಲ್ಲಿ ಮಲಿಕ್ ರಿಹಾನನ ಗೋರಿಯಿದೆ. ಬಿಜಾಪುರದ ಆದಿಲ್‌ಶಾಹಿಗಳ ಪರವಾಗಿ ಆ ಸೀಮೆಯನ್ನು ಆಳಿದವನು ಅವನು. ಗೋರಿಯ ಕಾಲ 1651. ಬೀದರಿನ ಹೊರಗೆ ಹಬ್ಷಿ ಕೋಟೆಯೆಂಬ ದಿಣ್ಣೆಯ ಮೇಲೆ ಆಫ್ರಿಕ ಮೂಲದ ಸರದಾರರ ಗೋರಿಗಳಿವೆ. ಗುಲಾಮನಾಗಿ ಮಾರಾಟವಾಗಿ, ಒಡೆಯ ಸತ್ತ ಮೇಲೆ ಬಿಡುಗಡೆ ಹೊಂದಿ, ಅಹಮದ್‌ನಗರದ ರಾಜ್ಯವನ್ನೇ ನಡೆಸಿದ ಮಲಿಕ್ ಅಂಬರನಿಗೆ ಖುಲ್ದಾಬಾದಿನಲ್ಲಿ ಗುಮ್ಮಟವುಂಟು. ಪದವಿಗೇರಿದವರಿಗೆ ಕಲ್ಲು ದಕ್ಕಿತು. ಅವರ ಜೊತೆಯಲ್ಲೇ ಹಡಗಿನಿಂದಿಳಿದು ಕುದುರೆಲಾಯದಲ್ಲೋ ಅಡುಗೆಮನೆಯಲ್ಲೋ ಜೀವ ಸವೆಸಿದವರ ಗುಂಡಿ ಎಲ್ಲಿದೆ?

ಗುಲಾಮಗಿರಿ ಮನುಷ್ಯನಿಂದ ಮೊದಲು ಕಿತ್ತುಕೊಳ್ಳುವುದು ಅವನ ದುಡಿಮೆಯನ್ನಲ್ಲ, ಅವನ ಬಂಧುಬಳಗವನ್ನು. ಸಮಾಜಶಾಸ್ತ್ರಜ್ಞ ಆರ್ಲಾಂಡೊ ಪ್ಯಾಟರ್ಸನ್ 1982ರ ತಮ್ಮ ಗ್ರಂಥದಲ್ಲಿ ಇದನ್ನು ಸಾಮಾಜಿಕ ಮರಣ ಎಂದೇ ಕರೆದರು. ಹಾಗಿದ್ದರೆ ಬೀಗವನ್ನಷ್ಟೇ ತೆಗೆದ ಬಿಡುಗಡೆ ಅರೆಬರೆಯದು. ಕಳೆದುಹೋದ ನಂಟನ್ನು ಯಾರಾದರೂ ಕಟ್ಟಿಕೊಡಬೇಕು, ಅದೂ ಸತ್ತ ಮೇಲೂ. ಇದು ಬರೀ ಆಸೆಯ ಮಾತಲ್ಲ ಎಂಬುದಕ್ಕೆ ಉತ್ತರ ಕನ್ನಡದ ಸಿದ್ದಿಗಳೇ ಸಾಕ್ಷಿ. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲೆಯ ಕಾಡಂಚಿನ ಈ ಜನರ ಪೂರ್ವಿಕರಲ್ಲಿ ಅನೇಕರು ಪೋರ್ಚುಗೀಸರ ಗೋವೆಯಿಂದ ತಪ್ಪಿಸಿಕೊಂಡು ಬಂದವರು. ಇಂದು ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಆದರೂ ಹಿರಿಯರನ್ನು ಪೂಜಿಸುವುದು ಬಿಟ್ಟಿಲ್ಲ. ಸಿದ್ದಿನಾಸ್ ದೇವರ ಮುಂದೆ ಮೂರೂ ಮತದವರು ಕೂಡುತ್ತಾರೆ. ಆಫ್ರಿಕದಿಂದ ಬಂದ ಆ ಮೊದಲಿಗರ ಹೆಸರಿನ ಪಟ್ಟಿ ಅವರ ಬಳಿ ಇಲ್ಲ. ಪೂಜೆಗೆ ಅದು ಅಡ್ಡಿಯಾಗಿಲ್ಲ.

ನನ್ನ ವಾದಕ್ಕೆ ಒಂದು ಹಳೆಯ ಆಕ್ಷೇಪವಿದೆ. ಇಲ್ಲಿ ಇಟ್ಟ ಎಡೆ ಸತ್ತವರಿಗೆ ಮುಟ್ಟುವುದಾದರೆ ದಾರಿಗೆ ಹೊರಟವನಿಗೆ ಬುತ್ತಿ ಕಟ್ಟುವುದೇಕೆ ಎಂದು ಪರಲೋಕವನ್ನು ಒಪ್ಪದ ಚಾರ್ವಾಕರು ಕೇಳಿದ್ದರು. ಒಳ್ಳೆಯ ಪ್ರಶ್ನೆ, ಮುಟ್ಟುವುದಿಲ್ಲ ಎಂದೇ ಒಪ್ಪೋಣ. ಆದರೆ ಕೊಟ್ಟ ಮಾತು ಕೇಳಿಸಿಕೊಂಡವನು ಸತ್ತೊಡನೆ ಬಿದ್ದುಹೋಗುವುದಿಲ್ಲವಲ್ಲ. ಸತ್ತವನಿಗೆ ಸುಖವಾಯಿತೇ ಎಂಬುದು ಒಂದು, ಬದುಕಿರುವವರ ಮೇಲೆ ಋಣವಿದೆಯೇ ಎಂಬುದು ಇನ್ನೊಂದು. ಚಾರ್ವಾಕರ ಬಾಣ ತಾಗುವುದು ಮೊದಲನೆಯದಕ್ಕೆ ಮಾತ್ರ.

ಇದಕ್ಕಿಂತ ಬಿಗಿಯಾದ ಆಕ್ಷೇಪ ಬೇರೆ ಇದೆ. ಅವರ ದೇವರು ಯಾರೆಂದು ತಿಳಿಯದೆ ನಮ್ಮ ಮಂತ್ರವನ್ನೋ ಪ್ರಾರ್ಥನೆಯನ್ನೋ ಅವರ ಮೇಲೆ ಹೇರುವುದು ಇನ್ನೊಂದು ದಬ್ಬಾಳಿಕೆಯಲ್ಲವೇ? ಅಂಗೋಲದ ಲುವಾಂಡಾ ಬಂದರಿನಲ್ಲಿ ಗುಲಾಮರಿಗೆ ಹಿಂಡುಹಿಂಡಾಗಿ ದೀಕ್ಷಾಸ್ನಾನ ಕೊಟ್ಟು, ಹೊಸ ಹೆಸರಿಟ್ಟು ಹಡಗಿಗೆ ತುಂಬುತ್ತಿದ್ದುದು ನಿಜ. ಹೀಗಾಗಿ ಈ ಅನುಮಾನವನ್ನು ತಳ್ಳಿಹಾಕಲಾಗದು. ಆದರೆ ಅಲ್ಲಿ ವಿಧಿ ನಡೆದದ್ದು ಆ ಜನರನ್ನು ಒಡೆಯನ ಕೈಗೆ ಒಪ್ಪಿಸಲು. ಹೆಣಕ್ಕೆ ಮಣ್ಣು ಹಾಕುವವನು ಸತ್ತವನಿಂದ ಏನನ್ನೂ ಪಡೆಯುವುದಿಲ್ಲ, ಅವನಿಗೆ ಹೊಸ ಹೆಸರಿಡುವುದೂ ಇಲ್ಲ. ಒಂದು ಎಚ್ಚರ ಬೇಕು, ನಿಜ: ಸತ್ತವರನ್ನು ನಮ್ಮ ಮತಕ್ಕೆ ಸೇರಿಸಿಕೊಳ್ಳಬಾರದು. ಹಾಗೆಂದು ಅವರ ವಿಧಿ ಗೊತ್ತಿಲ್ಲವೆಂದು ಕೈಕಟ್ಟಿ ಕೂರುವುದು ಗೌರವವಲ್ಲ. ಅದು ಅಸ್ಥಿಯನ್ನು ಪೆಟ್ಟಿಗೆಯಲ್ಲೇ ಬಿಡುವುದಕ್ಕೆ ಸಿಕ್ಕ ನೆಪ.

ನಮ್ಮ ಪಿತೃತರ್ಪಣದಲ್ಲೇ ನೀರು ಬಿಡಲು ಯಾರೂ ಇಲ್ಲದವರಿಗೆಂದು ಬಿಡುವ ಒಂದು ಪಾಲಿದೆ. ಅದನ್ನು ಯಾಂತ್ರಿಕವಾಗಿ ಮುಗಿಸಿ ಏಳುವವರೇ ಹೆಚ್ಚು. ಈ ಸಲದ ಮಹಾಲಯ ಅಮಾವಾಸ್ಯೆಯಲ್ಲಿ ಹಿರಿಯರಿಗೆ ಎಡೆ ಇಡುವ ಮನೆಯವರು ಒಂದು ಎಲೆಯನ್ನು ಹೆಚ್ಚಿಗೆ ಹಾಕಲಿ. ಶಿರಾದ ಗೋರಿ ನೋಡಲು ಹೋದವರು ಮಲಿಕ್ ರಿಹಾನನ ಜೊತೆಗೆ, ಅಂಥ ದೊರೆಗಳ ಮನೆಗಳಲ್ಲಿ ದುಡಿದು ಗುರುತಿಲ್ಲದೆ ಮಣ್ಣಾದವರನ್ನೂ ನೆನೆಯಲಿ.