ಕಾಯಿಗೆ ನೋವಾಗುವ ಆಟ

ಶಿರಸಿ ತಾಲ್ಲೂಕಿನ ಸೋಂದಾ ಗ್ರಾಮವು ಅಡಿಕೆ ತೋಟಗಳೂ ಕಾಡೂ ಸೇರಿದ ಶಾಲ್ಮಲಾ ನದಿಯ ಪರಿಸರದಲ್ಲಿ, ಕೆಲವೇ ಕಿಲೋಮೀಟರುಗಳ ಅಂತರದಲ್ಲಿ, ಮೂರು ಬೇರೆ ಬೇರೆ ದರ್ಶನಗಳ ಪೀಠಗಳನ್ನು ಉಳಿಸಿಕೊಂಡು ಬಂದಿದೆ: ಅದ್ವೈತದ ಸ್ವರ್ಣವಲ್ಲಿ ಮಠ, ದ್ವೈತದ ಸೋದೆ ವಾದಿರಾಜ ಮಠ, ದಿಗಂಬರ ಜೈನರ ಸ್ವಾದಿ ಮಠ. ಸೋದೆಯ ಅರಸಪ್ಪ ನಾಯಕನ ಗೌರವಕ್ಕೆ ಪಾತ್ರರಾಗಿದ್ದ ವಾದಿರಾಜರು 1600ರಲ್ಲಿ ಇಲ್ಲಿ ಬೃಂದಾವನಸ್ಥರಾದರು. ಹೈದರಾಲಿಯ ಕಾಲಕ್ಕೆ ಇಲ್ಲಿನ ಅರಸುತನ ಅಳಿಯಿತು, ಮಠಗಳು ಮಾತ್ರ ಉಳಿದವು. ಈ ಮೂರು ದರ್ಶನಗಳು ಪರಸ್ಪರ ಒಪ್ಪದ ಸಂಗತಿಗಳು ಹಲವು ಇದ್ದು, ಅವುಗಳಲ್ಲೊಂದನ್ನು, ಅಂದರೆ ಪರಿಪೂರ್ಣನಾದ ದೇವರು ಜಗತ್ತನ್ನು ಆಟವಾಗಿ ಸೃಷ್ಟಿಸಿದನೆಂಬ ಮಾತು ನಿಲ್ಲುವುದೇ ಎಂಬುದನ್ನು, ಇಲ್ಲಿ ವಿಚಾರಕ್ಕೆ ತೆಗೆದುಕೊಳ್ಳಲಾಗಿದೆ. ಪ್ರಶ್ನೆ ಹಳೆಯದಾದರೂ, ವಯಸ್ಕರು ಸಾವಿರಗಟ್ಟಲೆ ಸಂಖ್ಯೆಯಲ್ಲಿ ಒಂದೆಡೆ ಸೇರಿ ಬೆಳಗಿನಿಂದ ರಾತ್ರಿಯವರೆಗೆ ಮೇಜಿನ ಆಟಗಳನ್ನೇ ಆಡುವ ಸಮಾವೇಶಗಳು ಜಗತ್ತಿನ ಹಲವೆಡೆ ನೆಲೆಗೊಂಡಿರುವ ಈ ಕಾಲದಲ್ಲಿ, ಆ ಹಳೆಯ ಉಪಮಾನವನ್ನು ಒರೆಗೆ ಹಚ್ಚಲು ಹೊಸ ಸಾಮಗ್ರಿ ದೊರೆತಿದೆ.

ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಮೊದಲ ಪಾದದಲ್ಲಿ ಈ ಚರ್ಚೆ ಬರುತ್ತದೆ. ಬ್ರಹ್ಮವು ಆಪ್ತಕಾಮ, ಎಂದರೆ ಬಯಸುವುದಕ್ಕೆ ಏನೂ ಉಳಿಯದಂತೆ ಎಲ್ಲವನ್ನೂ ಪಡೆದಿರುವುದು, ಎಂದ ಮೇಲೆ ಅದು ಸೃಷ್ಟಿಗೆ ಏಕೆ ತೊಡಗಬೇಕು ಎಂಬ ಆಕ್ಷೇಪವನ್ನು ಮೊದಲು ಮುಂದಿಟ್ಟು, ಅನಂತರ ಅದು ಕೇವಲ ಲೀಲೆ, ಎಂದರೆ ಫಲವನ್ನು ಅಪೇಕ್ಷಿಸದ ಸಹಜ ವಿಲಾಸ, ಎಂದು ಸೂತ್ರಕಾರರು ಸಮಾಧಾನ ಹೇಳುತ್ತಾರೆ. ಶಂಕರರು ಇದಕ್ಕೆ ಕೊಡುವ ದೃಷ್ಟಾಂತಗಳು ಎರಡು: ಏನೂ ಬೇಕಿಲ್ಲದ ರಾಜನೋ ಅವನ ಮಂತ್ರಿಯೋ ವಿಹಾರಸ್ಥಳದಲ್ಲಿ ಸುಮ್ಮನೆ ಕ್ರೀಡಿಸುವುದು ಒಂದು, ಉಸಿರು ತಾನಾಗಿ ಒಳಗೆ ಹೊರಗೆ ಆಡುವುದು ಇನ್ನೊಂದು. ಮಧ್ವರ ದೃಷ್ಟಾಂತ ಬೇರೆ. ಸುಖವು ಉಕ್ಕಿ ಮತ್ತನಾದವನು ಯಾವ ಫಲಕ್ಕಾಗಿಯೂ ಅಲ್ಲದೆ ಕುಣಿಯುವ, ಹಾಡುವ ಚಿತ್ರವನ್ನು ಅವರು ಕೊಡುತ್ತಾರೆ.

ಇಲ್ಲಿ ಸಾಮಾನ್ಯವಾಗಿ ಯಾರೂ ಗಮನಿಸದ ಒಂದು ಸಂಗತಿ ಇದೆ. ದಾಳವು ವೇದಕಾಲದಿಂದ ಈ ನೆಲದಲ್ಲಿ ಉರುಳುತ್ತಿದ್ದರೂ, ಲೀಲೆಗೆ ಉದಾಹರಣೆ ಹುಡುಕಿದ ಈ ಇಬ್ಬರು ಆಚಾರ್ಯರೂ ಹಾಸು, ಕಾಯಿ, ಗರಗಳುಳ್ಳ ಆಟವನ್ನು ಮುಟ್ಟಲಿಲ್ಲ. ಅದಕ್ಕೆ ಕಾರಣವನ್ನು ಊಹಿಸುವುದು ಕಷ್ಟವಲ್ಲ. ಪಗಡೆಯಲ್ಲಿ ಕುಳಿತವನಿಗೆ ಗೆಲುವೆಂಬ ಪ್ರಯೋಜನ ಇದ್ದೇ ಇದೆ, ನಿಯಮವೆಂಬ ಕಟ್ಟು ಇದೆ, ಮುಂದಿನ ಗರ ಏನು ಬೀಳುವುದೆಂಬ ಅಜ್ಞಾನವೂ ಇದೆ. ಈ ಮೂರರಲ್ಲಿ ಒಂದನ್ನೂ ಸರ್ವಜ್ಞನೂ ಸ್ವತಂತ್ರನೂ ಪೂರ್ಣನೂ ಆದವನಿಗೆ ಹಚ್ಚಲು ಬರುವುದಿಲ್ಲ. ಕುಣಿತಕ್ಕೂ ಉಸಿರಿಗೂ ಸೋಲೆಂಬುದಿಲ್ಲ.

ಜೈನರು ಈ ಸಮಾಧಾನವನ್ನು ಒಪ್ಪಲಿಲ್ಲ. ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ಅಮೋಘವರ್ಷನಿಗೆ ಗುರುವಾಗಿದ್ದ ಜಿನಸೇನಾಚಾರ್ಯರು ತಮ್ಮ ಸಂಸ್ಕೃತ ಮಹಾಪುರಾಣದಲ್ಲಿ ಸೃಷ್ಟಿಕರ್ತವಾದವನ್ನು ಖಂಡಿಸುವಾಗ ಇಬ್ಬಾಯಿಯ ತರ್ಕವೊಂದನ್ನು ಹೂಡುತ್ತಾರೆ: ಕರ್ತನು ಕೃತಕೃತ್ಯನಾಗಿದ್ದರೆ, ಎಂದರೆ ಮಾಡಬೇಕಾದುದು ಏನೂ ಉಳಿಯದವನಾಗಿದ್ದರೆ, ಅವನಿಗೆ ಸೃಷ್ಟಿಸುವ ಇಚ್ಛೆಯೇ ಹುಟ್ಟಲಾರದು, ಕೃತಕೃತ್ಯನಲ್ಲದಿದ್ದರೆ ಕುಂಬಾರನಂತೆ ಅವನೂ ಜಗತ್ತನ್ನು ಮಾಡಲಾರದವನೇ ಆಗುತ್ತಾನೆ, ಇನ್ನು ಅದು ಕ್ರೀಡೆಯೆಂದರೆ, ಮೋಹದಿಂದ ಆಡುವ ಬಾಲಕನಿಗೂ ಅವನಿಗೂ ಭೇದ ಉಳಿಯುವುದಿಲ್ಲ. ಪಂಪನು 941ರಲ್ಲಿ ರಚಿಸಿದ ಕನ್ನಡ ಆದಿಪುರಾಣಕ್ಕೆ ಈ ಜಿನಸೇನರ ಗ್ರಂಥವೇ ಆಧಾರ; ಅದೇ ಪಂಪನು ಕೊಂಡಾಡಿದ ಬನವಾಸಿ ಸೋಂದೆಯಿರುವ ತಾಲ್ಲೂಕಿನಲ್ಲಿಯೇ ಇದೆ. ಹೀಗೆ ಈ ವಾದಕ್ಕೆ ಇದು ಪರಸ್ಥಳವೇನೂ ಅಲ್ಲ.

ಜಿನಸೇನರ ತರ್ಕದ ಬಲವಿರುವುದು ಅದರ ಎರಡು ಬಾಯಿಗಳಲ್ಲಿ: ಒಂದೋ ಕೊರತೆಯಿಂದ ಮಾಡಿರಬೇಕು, ಇಲ್ಲವೇ ತಿಳಿಗೇಡಿತನದಿಂದ ಮಾಡಿರಬೇಕು, ಮೂರನೆಯದಿಲ್ಲ. ಮೇಜಿನಾಟಗಳ ಸಮಾವೇಶದಲ್ಲಿ ಕಳೆಯುವ ಒಂದು ದಿನ ವಿಚಾರಯೋಗ್ಯವಾಗುವುದು ಇಲ್ಲಿಯೇ. ಅಮೆರಿಕದ ಲೇಕ್ ಜಿನೀವಾ ಎಂಬ ಸಣ್ಣ ಊರಿನಲ್ಲಿ 1968ರಲ್ಲಿ ಮೊದಲಾಗಿ ಈಗ ಇಂಡಿಯಾನಾಪೊಲಿಸ್ ನಗರದಲ್ಲಿ ನಡೆಯುವ ಜೆನ್ ಕಾನ್, ಜರ್ಮನಿಯ ಎಸ್ಸೆನ್ ನಗರದಲ್ಲಿ 1983ರಿಂದ ನಡೆದುಬಂದಿರುವ ಶ್ಪೀಲ್ ಮೇಳ, ಇವು ಇಂಥ ಸಮಾವೇಶಗಳಲ್ಲಿ ದೊಡ್ಡವು. ಕರ್ನಾಟಕದಲ್ಲಿ ಅಷ್ಟು ದೊಡ್ಡದು ಯಾವುದೂ ಇಲ್ಲವಾದರೂ, ಬೆಂಗಳೂರಿನ ಬೋರ್ಡ್ ಗೇಮ್ ಕೆಫೆಗಳಲ್ಲಿಯೂ, ಚೌಕಾಬಾರ, ಪಗಡೆ, ಅಳಗುಳಿಮಣೆ, ಹುಲಿ-ಕುರಿಗಳನ್ನು ಮತ್ತೆ ಜನರ ಮುಂದಿಡುತ್ತಿರುವ ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದ ಕ್ರೀಡಾಕೌಶಲ್ಯ ಪ್ರದರ್ಶನದಲ್ಲಿಯೂ ಅದರ ಚಿಕ್ಕ ರೂಪವನ್ನು ಕಾಣಬಹುದು. ಮೈಸೂರಿಗೆ ಈ ವಿಷಯದಲ್ಲಿ ಹಿರಿತನವೂ ಉಂಟು. ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ಶ್ರೀತತ್ತ್ವನಿಧಿಯ ಒಂಬತ್ತು ನಿಧಿಗಳಲ್ಲಿ ಒಂದಾದ ಕೌತುಕನಿಧಿಯನ್ನು ಆಟಗಳಿಗೇ ಮೀಸಲಿಟ್ಟರು.

ಅಂಥ ಸಮಾವೇಶಕ್ಕೆ ಬಂದವನು ಬೆಳಿಗ್ಗೆ ಅಪರಿಚಿತರೊಡನೆ ಒಂದು ಮೇಜಿಗೆ ಕುಳಿತು, ಯಾರೋ ವಿವರಿಸುವ ನಿಯಮಗಳನ್ನು ಕಾಲು ಗಂಟೆ ಕೇಳಿ, 1995ರಲ್ಲಿ ಜರ್ಮನಿಯಲ್ಲಿ ಹೊರಬಂದ ಕತಾನ್ ಎಂಬ ಆಟದಲ್ಲಿ ದ್ವೀಪಕ್ಕೆ ವಲಸೆ ಬಂದವನಾಗಿ ಇಟ್ಟಿಗೆಗೂ ಉಣ್ಣೆಗೂ ಚೌಕಾಸಿ ಮಾಡುತ್ತಾನೆ. ಮಧ್ಯಾಹ್ನ, 2008ರ ಪ್ಯಾಂಡೆಮಿಕ್ ಎಂಬ ಆಟದಲ್ಲಿ, ಎದುರಾಳಿಗಳೇ ಇಲ್ಲದೆ ಎಲ್ಲರೊಡನೆ ಒಂದೇ ಪಕ್ಷವಾಗಿ ರೋಗಗಳನ್ನು ತಡೆಯಲು ಹೆಣಗುತ್ತಾನೆ. ಸಂಜೆ ಇನ್ನೊಂದರಲ್ಲಿ ಅರಸನಾಗುತ್ತಾನೆ, ವ್ಯಾಪಾರಿಯಾಗುತ್ತಾನೆ. ಒಂದೇ ಹಗಲಿನಲ್ಲಿ ನಾಲ್ಕಾರು ಜನ್ಮ ಕಳೆದಂತಾಯಿತೆಂದು ಯಾರಾದರೂ ನಕ್ಕರೆ ತಪ್ಪಿಲ್ಲ. ಪ್ರತಿ ಮೇಜಿನಲ್ಲಿಯೂ ಅವನ ಗುರಿ ಬೇರೆ, ಮತ್ತು ಆ ಹೊತ್ತಿಗೆ ಆ ಗುರಿಯನ್ನು ಅವನು ಮನಸಾರೆ ಬಯಸಲೇಬೇಕು. ಬಯಸದೆ ಉದಾಸೀನನಾಗಿ ಕಾಯಿ ನಡೆಸುವವನು ಉಳಿದವರ ಆಟವನ್ನೂ ಕೆಡಿಸುತ್ತಾನೆ. ಆದರೂ ಆಟ ಮುಗಿದು ಕಾಯಿಗಳು ಪೆಟ್ಟಿಗೆ ಸೇರಿದ ಕೂಡಲೇ ಆ ಬಯಕೆ ಎಲ್ಲಿಯೂ ಉಳಿಯುವುದಿಲ್ಲ. ಐದಕ್ಕೆ ಐದು ಆಟ ಸೋತವನೂ ದಿನ ಚೆನ್ನಾಗಿ ಕಳೆಯಿತೆಂದು ಹೇಳಿ ಹೊರಡುತ್ತಾನೆ.

ಇದು ಗೀತೆಯ ನಿಷ್ಕಾಮಕರ್ಮವಲ್ಲ, ಏಕೆಂದರೆ ಅಲ್ಲಿ ಕರ್ಮ ನಡೆಯುತ್ತಿರುವಾಗಲೇ ಫಲದ ಆಸೆಯನ್ನು ಬಿಡಬೇಕು, ಇಲ್ಲಿ ಅದನ್ನು ಹಿಡಿದೇ ಆಡಬೇಕು. ಹಾಗೆಂದು ಕಾಮ್ಯಕರ್ಮವೂ ಅಲ್ಲ, ಏಕೆಂದರೆ ಫಲವು ಆಡುವುದಕ್ಕಾಗಿ ಕಲ್ಪಿಸಿಕೊಂಡದ್ದೇ ಹೊರತು ಆಟವು ಫಲಕ್ಕಾಗಿ ಅಲ್ಲ. ಬರ್ನಾರ್ಡ್ ಸೂಟ್ಸ್ ಎಂಬ ತತ್ತ್ವಜ್ಞಾನಿ 1978ರ ತನ್ನ ‘ದಿ ಗ್ರಾಸ್‌ಹಾಪರ್’ ಗ್ರಂಥದಲ್ಲಿ ಆಟವೆಂದರೆ ಅನಗತ್ಯವಾದ ಅಡ್ಡಿಗಳನ್ನು ದಾಟಲು ಸ್ವಇಚ್ಛೆಯಿಂದ ಪಡುವ ಯತ್ನವೆಂದು ಲಕ್ಷಣ ಹೇಳಿ, ಯಾವ ಕೊರತೆಯೂ ಇಲ್ಲದ ಆದರ್ಶಲೋಕವೊಂದು ಇದ್ದರೆ ಅಲ್ಲಿನವರಿಗೆ ಮಾಡಲು ಉಳಿಯುವುದು ಆಟವೊಂದೇ ಎಂಬ ನಿರ್ಣಯಕ್ಕೆ ಬರುತ್ತಾನೆ. ಆಪ್ತಕಾಮನಿಗೆ ಲೀಲೆಯೊಂದೇ ಉಳಿಯುತ್ತದೆಂಬ ಸೂತ್ರಕಾರರ ನಿಲುವನ್ನು ಅರಿಯದೆಯೇ ಅವನು ಅದರ ಬಾಗಿಲಿಗೆ ಬಂದಂತಾಯಿತು. ಕೊರತೆಯೂ ಅಲ್ಲದ, ಬಾಲಿಶವೂ ಅಲ್ಲದ ಮೂರನೆಯ ಬಗೆಯ ಪ್ರವೃತ್ತಿಯೊಂದು ಲೋಕದಲ್ಲಿ ಇದೆಯೆಂಬುದಕ್ಕೆ ಆ ಸಭಾಂಗಣ ಸಾಕ್ಷಿ; ಅಷ್ಟರಮಟ್ಟಿಗೆ ಜಿನಸೇನರ ತರ್ಕದ ಹಿಡಿತ ಸಡಿಲವಾಗುತ್ತದೆ ಎನ್ನಬೇಕು.

ಆದರೆ ಫಲಿತಾಂಶವನ್ನು ಮೊದಲೇ ಬಲ್ಲವನು ಆಡುವುದು ಹೇಗೆ ಎಂಬ ತೊಡಕು ಉಳಿದೇ ಇದೆ. ಇದಕ್ಕೆ ಉತ್ತರದ ಸುಳಿವು ಎಸ್ಸೆನ್ನಿನಲ್ಲಿ ಅಲ್ಲ, ಶಿರಸಿ-ಸಿದ್ದಾಪುರ-ಯಲ್ಲಾಪುರಗಳ ಆಡುಮಾತಿನಲ್ಲಿಯೇ ಸಿಗುತ್ತದೆ. ಈ ಸೀಮೆಯಲ್ಲಿ ‘ಆಟ’ ಎಂದರೆ ಯಕ್ಷಗಾನವೂ ಹೌದು. ಆಟಕ್ಕೆ ಹೋಗಿದ್ದರು ಎಂದರೆ ಇಡೀ ರಾತ್ರಿ ಬಯಲಿನಲ್ಲಿ ಕುಳಿತು ನೋಡಿ ಬಂದರು ಎಂದೇ ಅರ್ಥ. ಅದರ ಕುಳಿತಾಡುವ ರೂಪವಾದ ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದ್ಯವನ್ನು ಹಾಡಿದ ಮೇಲೆ ಅರ್ಥಧಾರಿಗಳು, ಎಂದರೆ ಪಾತ್ರವಹಿಸಿ ಮಾತನಾಡುವವರು, ಬರೆದಿಟ್ಟುಕೊಳ್ಳದೆ ಆ ಕ್ಷಣಕ್ಕೆ ಹೊಳೆದ ವಾದವನ್ನು ಕಟ್ಟುತ್ತ ಹೋಗುತ್ತಾರೆ. 1974ರಲ್ಲಿ ಪ್ರಕಟವಾದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಮೊದಲಾದ ಪಾತ್ರಾಟಗಳು, ಒಬ್ಬನು ಕಥೆ ನಡೆಸುತ್ತ ಉಳಿದವರು ಒಂದೊಂದು ಪಾತ್ರವಾಗಿ ಮಾತಾಡುವ ಆಟಗಳು, ಸಮಾವೇಶಗಳ ಜೀವಾಳವಾಗಿವೆ. ತಾಳಮದ್ದಳೆಯನ್ನು ಕೇಳಿ ಬೆಳೆದ ಕಿವಿಗೆ ಅವು ಅಷ್ಟೇನೂ ಹೊಸತೆನಿಸಲಾರವು. ವ್ಯತ್ಯಾಸವೊಂದೇ, ಆದರೆ ದೊಡ್ಡದು. ಅಲ್ಲಿ ಕಥೆಯ ಮುಂದಿನ ತಿರುವನ್ನು ದಾಳ ನಿರ್ಣಯಿಸುತ್ತದೆ; ಇಲ್ಲಿ ಪ್ರಸಂಗ ಮೊದಲೇ ನಿಶ್ಚಿತ. ಕೃಷ್ಣಸಂಧಾನದಲ್ಲಿ ಸಂಧಿ ಮುರಿಯುತ್ತದೆ, ಕರ್ಣಪರ್ವದಲ್ಲಿ ಕರ್ಣ ಬೀಳುತ್ತಾನೆ, ಇದು ಅರ್ಥಧಾರಿಗೂ ಗೊತ್ತು, ಎದುರು ಕುಳಿತ ಪ್ರತಿಯೊಬ್ಬರಿಗೂ ಗೊತ್ತು. ಹಾಗಿದ್ದೂ ಕೌರವನ ಅರ್ಥ ಹೇಳುವವನು ತಾನೇ ಗೆಲ್ಲುವವನೆಂಬಂತೆ ವಾದಿಸಬೇಕು, ವಾದಿಸುತ್ತಾನೆ ಕೂಡ. ಕೊನೆಯನ್ನು ಬಲ್ಲ ಮಾತ್ರಕ್ಕೆ ಆಟ ಅಸಾಧ್ಯವಾಗದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ದೃಷ್ಟಾಂತ ಸಿಗುವುದು ಕಷ್ಟ. ಲೀಲಾವಾದಿಗಳು ವಿಹಾರವನ್ನೂ ಕುಣಿತವನ್ನೂ ಬಿಟ್ಟು ಇದನ್ನೇ ಹಿಡಿದಿದ್ದರೆ ಅವರ ಪಕ್ಷ ಗಟ್ಟಿಯಾಗುತ್ತಿತ್ತು.

ಇಷ್ಟಾದರೂ ಆಕ್ಷೇಪದ ತಿರುಳು ಮುಟ್ಟದೇ ಉಳಿದಿದೆ. ಅದು ಆಡುವವನ ವಿಷಯದ್ದಲ್ಲ, ಕಾಯಿಯ ವಿಷಯದ್ದು. ಮನುಸ್ಮೃತಿಯು ಪ್ರಾಣವಿಲ್ಲದ ವಸ್ತುಗಳಿಂದ ಆಡುವುದನ್ನು ದ್ಯೂತವೆಂದೂ ಪ್ರಾಣಿಗಳನ್ನು ಹೂಡಿ ಆಡುವುದನ್ನು ಸಮಾಹ್ವಯವೆಂದೂ ಬೇರ್ಪಡಿಸುತ್ತದೆ. ಜೈನ ಗೃಹಸ್ಥರ ನಡತೆಯ ಕಟ್ಟಳೆಯಾದ ಶ್ರಾವಕಾಚಾರವು ಸಪ್ತವ್ಯಸನಗಳಲ್ಲಿ ದ್ಯೂತವನ್ನು ಮೊದಲಿಗೆ ಎಣಿಸುತ್ತದೆ. ಆಟದ ನಷ್ಟ ಹಾಸಿನ ಮೇಲೆಯೇ ಮುಗಿಯದೆ ಬದುಕಿಗೆ ಇಳಿಯುವಂತೆ ಮಾಡುವುದು ಪಣ. ತುಳುನಾಡಿನ ಸಿರಿ ಪಾಡ್ದನದಲ್ಲಿ, ಎಂದರೆ ಹಾಡುಗಥೆಯಲ್ಲಿ, ಅಬ್ಬಗ-ದಾರಗರೆಂಬ ಅವಳಿ ಸೋದರಿಯರ ಚೆನ್ನೆಯಾಟ, ಎಂದರೆ ಅಳಗುಳಿಮಣೆಯಾಟ, ಪಣವಿಲ್ಲದೆಯೂ ಕೊಲೆಯಲ್ಲಿ ಮುಗಿಯಿತು. ಹಸ್ತಿನಾವತಿಯಲ್ಲಿ ಪಣವು ಬಾಯಿಬಿಟ್ಟು ಮಾತಾಡಿತು. ಧರ್ಮರಾಯನು ಮೊದಲು ತನ್ನನ್ನು ಸೋತನೋ ನನ್ನನ್ನು ಸೋತನೋ ಎಂದು ದ್ರೌಪದಿ ಸಭೆಯಲ್ಲಿ ಎತ್ತಿದ ಪ್ರಶ್ನೆಗೆ ಭೀಷ್ಮನೂ ನೇರ ಉತ್ತರ ಕೊಡಲಿಲ್ಲ. ಅದನ್ನು ಒಬ್ಬ ಹೆಣ್ಣಿನ ನ್ಯಾಯದ ಪ್ರಶ್ನೆಯೆಂದು ಓದುವುದು ಸರಿಯೇ. ಜೊತೆಗೆ ಅದು ಕಾಯಿಯೊಂದು ಆಟಗಾರನಿಗೆ ಕೇಳಿದ ಪ್ರಶ್ನೆಯೂ ಹೌದು.

ಸೂತ್ರಕಾರರಿಗೆ ಈ ತೊಡಕು ತಿಳಿದಿರಲಿಲ್ಲವೆಂದಲ್ಲ. ಲೀಲೆಯ ಸೂತ್ರ ಮುಗಿಯುತ್ತಿದ್ದಂತೆ, ನಡುವೆ ಬೇರೆ ವಿಷಯವೇ ಬಾರದೆ, ಈಶ್ವರನಿಗೆ ವೈಷಮ್ಯ ಮತ್ತು ನೈರ್ಘೃಣ್ಯ, ಎಂದರೆ ಪಕ್ಷಪಾತ ಮತ್ತು ನಿರ್ದಯತೆ, ಎಂಬ ದೋಷಗಳು ಅಂಟುವುದಿಲ್ಲವೆಂಬ ಸೂತ್ರ ಬರುತ್ತದೆ. ಜೀವರ ಸುಖದುಃಖಗಳು ಅವರವರ ಕರ್ಮವನ್ನು ಅನುಸರಿಸಿ ಬರುವಂಥವು, ಆ ಕರ್ಮಕ್ಕೆ ಮೊದಲೆಂಬುದಿಲ್ಲ ಎಂದು ಅಲ್ಲಿ ಹೇಳಲಾಗುತ್ತದೆ. ಅದ್ವೈತಿಗೆ ಇಲ್ಲಿ ಇನ್ನೊಂದು ದಾರಿಯೂ ಉಂಟು: ಆಡುವವನೂ ಕಾಯಿಯೂ ಪರಮಾರ್ಥದಲ್ಲಿ ಒಂದೇ ಆದುದರಿಂದ, ಮತ್ತು ಸೃಷ್ಟಿಯೇ ಅವಿದ್ಯೆಯಿಂದ ತೋರುವ ವ್ಯವಹಾರವಾದುದರಿಂದ, ನೋಯಿಸುವ ಇನ್ನೊಬ್ಬನು ಉಳಿಯುವುದಿಲ್ಲ. ವಾದಿರಾಜರ ಪರಂಪರೆಗೆ ಆ ದಾರಿ ಮುಚ್ಚಿದೆ. ಅವರ ಪಕ್ಷದಲ್ಲಿ ಜೀವನು ದೇವರಿಂದ ನಿತ್ಯವೂ ಬೇರೆ, ಅವನ ನೋವು ನಿಜವಾದ ನೋವು. ಆದುದರಿಂದ ಅವರು ಜೀವನ ಸ್ವಭಾವವೂ ಅನಾದಿಯಾದದ್ದು, ದೇವರು ಅದನ್ನು ಹೊಸದಾಗಿ ಮಾಡಿದವನಲ್ಲ ಎಂದು ನಿಲ್ಲಬೇಕಾಗುತ್ತದೆ. ದ್ವೈತಿಯ ಈ ನಿಲುವು ಹೆಚ್ಚು ಕಷ್ಟದ್ದು, ಆದರೆ ನೋವನ್ನು ನೋವೆಂದೇ ಎಣಿಸುವುದರಿಂದ ಹೆಚ್ಚು ಪ್ರಾಮಾಣಿಕವೂ ಹೌದು. ಜೈನನು ಎರಡನ್ನೂ ಕೇಳಿ, ಕರ್ಮವೂ ಅನಾದಿ, ಜೀವವೂ ಅನಾದಿ, ಫಲವೂ ಕರ್ಮದಿಂದಲೇ ಎಂದ ಮೇಲೆ ಆಡಿಸುವವನೊಬ್ಬನು ಏಕೆ ಬೇಕು ಎನ್ನುತ್ತಾನೆ. ಹಾವು-ಏಣಿಯ ಪೂರ್ವರೂಪವಾದ ಜ್ಞಾನಚೌಪಡದ ಪಟವನ್ನು ಪಶ್ಚಿಮ ಭಾರತದ ಜೈನರು 84 ಮನೆಗಳಲ್ಲಿ ಬರೆಸಿದರು. ಅದರಲ್ಲಿ ಪುಣ್ಯದ ಏಣಿ, ಪಾಪದ ಹಾವು, ಬಿದ್ದ ಗರ ಇವಷ್ಟೇ ಇವೆ, ಎದುರು ಕುಳಿತು ಆಡಿಸುವ ದೇವರಿಗೆ ಸ್ಥಳವಿಲ್ಲ.

ಸಮಾವೇಶದ ಮೇಜು ಲೀಲಾವಾದಕ್ಕೆ ಆಡುವವನ ಪಾಲಿನ ಸಮರ್ಥನೆಯನ್ನು ಒದಗಿಸಬಲ್ಲದು, ತಾಳಮದ್ದಳೆ ಅದನ್ನು ಇನ್ನೊಂದು ಹೆಜ್ಜೆ ಮುಂದೆ ಒಯ್ಯಬಲ್ಲದು. ಕಾಯಿಯ ಪಾಲಿನ ಉತ್ತರವನ್ನು ಇವೆರಡರಿಂದಲೂ ತರಲಾಗದು, ಏಕೆಂದರೆ ಅಲ್ಲಿನ ಕಾಯಿ ಮರದ್ದು, ಇಲ್ಲಿನ ಕರ್ಣ ಅರ್ಥ ಮುಗಿಸಿ ಎದ್ದು ಮನೆಗೆ ಹೋಗುವವನು. ಸೋಂದೆಗೆ ಬರುವವರಲ್ಲಿ ಹೆಚ್ಚಿನವರು ವಾದಿರಾಜರ ಬೃಂದಾವನವನ್ನೋ ಸ್ವರ್ಣವಲ್ಲಿಯನ್ನೋ ಕಂಡು ಹಿಂದಿರುಗುವುದು ವಾಡಿಕೆಯಾಗಿದೆ. ಈ ಪ್ರಶ್ನೆಯನ್ನು ಪೂರ್ತಿಯಾಗಿ ಕೇಳಿಸಿಕೊಳ್ಳಬಯಸುವ ಓದುಗರು ಸ್ವಾದಿಯ ಜೈನ ಮಠಕ್ಕೂ ಹೋಗಿ ಬರಬೇಕು.